ಕೆಳಸಾಲಿನ ಲಾಕರಿಗೆ ಇಳಿದ ನೀರು

ಲಾಕರ್ ಕೋಣೆಯಲ್ಲಿ ನನ್ನ ಕೆಲಸದ ಅರ್ಧ ಭಾಗ ಬೆನ್ನು ತಿರುಗಿಸುವುದು. ಗ್ರಾಹಕರು ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾರೆ, ನಾನು ಗಡಿಯಾರ ನೋಡಿ ಸಮಯ ಬರೆಯುತ್ತೇನೆ. ಅವರ ಲಾಕರಿನ ಬಾಗಿಲಿಗೆ ಮೊದಲು ಬ್ಯಾಂಕಿನ ಮಾಸ್ಟರ್ ಕೀ ಹಾಕಿ ಒಂದು ಸುತ್ತು ತಿರುಗಿಸುತ್ತೇನೆ, ಆಮೇಲೆ ಅವರು ತಮ್ಮ ಕೀ ಹಾಕುತ್ತಾರೆ. ಅದು ತಿರುಗಿದ ಸದ್ದು ಕೇಳಿದೊಡನೆ ನಾನು ಹಿಂದಿರುಗಿ ಹೊರಗೆ ಬರಬೇಕು. ಒಳಗೆ ಏನಿದೆ ಎಂಬುದು ಬ್ಯಾಂಕಿಗೆ ಗೊತ್ತಿರಬಾರದು. ಜಯನಗರದ ನಮ್ಮ ಶಾಖೆಯಲ್ಲಿ ಈ ಕೆಲಸ ಮಾಡಿ ಮಾಡಿ, ಮದುವೆ ಮನೆಯಲ್ಲಿ ಯಾರಾದರೂ ಬ್ಯಾಗು ತೆರೆದರೂ ಮುಖ ಆಚೆ ತಿರುಗಿಸುವ ಚಟ ನನಗೆ ಅಂಟಿಬಿಟ್ಟಿದೆ.

ಆ ವರ್ಷ ಎಲ್ಲ ಲಾಕರುಗಳ ಕರಾರನ್ನೂ ಹೊಸದಾಗಿ ಬರೆಸಿಕೊಳ್ಳಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಹಳೆಯ ಕರಾರಿನಲ್ಲಿ ಒಂದೇ ಸಾಲು ಎಲ್ಲವನ್ನೂ ಮುಗಿಸಿಬಿಡುತ್ತಿತ್ತು: ಯಾವುದೇ ಕಾರಣದಿಂದ ಲಾಕರಿನೊಳಗಿನ ವಸ್ತುವಿಗೆ ಆಗುವ ಯಾವುದೇ ನಷ್ಟಕ್ಕೆ ಬ್ಯಾಂಕು ಜವಾಬ್ದಾರಿಯಲ್ಲ. ಬಾಡಿಗೆ ಇಸಿದುಕೊಂಡು ಹೀಗೆ ಕೈ ತೊಳೆದುಕೊಳ್ಳುವುದು ನಡೆಯುವುದಿಲ್ಲ ಎಂದು ದೇಶದ ದೊಡ್ಡ ಕೋರ್ಟು ಗದರಿದ ಮೇಲೆ ಹೊಸ ನಮೂನೆ ಬಂದಿತ್ತು. ಅದರ ಪ್ರಕಾರ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ನೌಕರರ ಮೋಸ, ಬ್ಯಾಂಕಿನ ಅಜಾಗರೂಕತೆ ಇವುಗಳಿಗೆ ಬ್ಯಾಂಕು ಹೊಣೆ. ಅದೂ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ. ಭೂಕಂಪ, ಸಿಡಿಲು, ಪ್ರವಾಹ, ಮಳೆಯಂಥ ದೈವಾಧೀನ ಕಾರಣಗಳಿಗೆ ಬ್ಯಾಂಕು ಹೊಣೆಯಲ್ಲ.

ಸ್ಟಾಂಪ್ ಪೇಪರಿನ ಕಂತೆ ಮುಂದಿಟ್ಟುಕೊಂಡು ನಾನು ತಿಂಗಳುಗಟ್ಟಲೆ ಒಂದೇ ಮಾತು ಹೇಳಿದೆ. "ಇಲ್ಲಿ ಸಹಿ ಮಾಡಿ ಸಾರ್. ಇಲ್ಲಿ ಮೇಡಂ. ಇನ್ನೊಂದು ಇಲ್ಲಿ." ನಿವೃತ್ತ ಎಂಜಿನಿಯರುಗಳು, ಪ್ರಿನ್ಸಿಪಾಲರು, ಬಾಂಡಿನ ಬಡ್ಡಿಗೆ ಅರ್ಧ ಗಂಟೆ ಜಗಳವಾಡುವ ಲೆಕ್ಕಪರಿಶೋಧಕರು, ಒಬ್ಬರೂ ಓದಲಿಲ್ಲ. "ನೀವಿದ್ದೀರಲ್ಲಾ ಮೇಡಂ" ಎಂದು ನಕ್ಕು ಸಹಿ ಹಾಕಿ ಹೋದರು.

ಓದಿದವಳು ಒಬ್ಬಳೇ. ಕೋಣನಕುಂಟೆಯಿಂದ ಬಂದಿದ್ದ ಆಕೆ ಬಾಗಲಕೋಟೆ ಕಡೆಯವಳು. ಮನೆಯಲ್ಲೇ ಮೆಸ್ ನಡೆಸಿ, ಬಿಟಿಎಂನಲ್ಲಿ ರೂಮು ಮಾಡಿಕೊಂಡಿರುವ ತನ್ನೂರ ಕಡೆಯ ಹುಡುಗರಿಗೆ ಜೋಳದ ರೊಟ್ಟಿಯ ಡಬ್ಬಿ ಕಳಿಸುತ್ತಿದ್ದಳು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳೇ ಆದರೂ. ಆಕೆಯದು ಕೆಳಸಾಲಿನ ಕೊನೆಯ ಲಾಕರು, ಎಲ್ಲಕ್ಕಿಂತ ಚಿಕ್ಕದು, ನೆಲದ ಮೇಲೆ ಕೂತು ತೆರೆಯಬೇಕು. ಬೆರಳನ್ನು ಸಾಲಿನ ಕೆಳಗೆ ಇಟ್ಟು ಇಟ್ಟು ಆಕೆ ಕರಾರಿನ ಒಂದೊಂದು ಪುಟವನ್ನೂ ಓದಿದಳು. ಹಿಂದೆ ಕ್ಯೂ ಬೆಳೆದು ನನಗೆ ಸಿಟ್ಟು ಬರುತ್ತಿತ್ತು.

"ಮೇಡಂ, ಮಳಿ, ಸಿಡ್ಲ ಅಂತ ಬರದೀರಲ್ರಿ. ಅವು ಬಂದ್ರ ನೀವೇನೂ ಕೊಡೂದಿಲ್ಲ?"

"ಅದು ದೇವರ ಕೈಲಿರೋದು ಅಕ್ಕ."

"ಮತ್ತ ಅಜಾಗರೂಕತಿ ಅಂದ್ರ?"

"ಅದು ನಮ್ಮ ತಪ್ಪಾದ್ರೆ."

"ತಪ್ಪು ಯಾರದು ಅಂತ ಹೇಳಾವ್ರು ಯಾರ್ರಿ?"

ನಾನು ಸಹಿಯ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದೆ. ಆಗ ಆಕೆ ದನಿ ತಗ್ಗಿಸಿ, ನಾವು ಯಾರಿಂದಲೂ ಕೇಳಬಾರದ್ದನ್ನು ತಾನಾಗಿಯೇ ಹೇಳಿಬಿಟ್ಟಳು. ಲಾಕರಿನಲ್ಲಿ ಚಿನ್ನವಿಲ್ಲ, ಎರಡು ಹಾಳೆ ಇವೆ. ಈಗ ತೀರಿಕೊಂಡಿರುವ ಅತ್ತೆ ತನ್ನ ಕೈಯಾರೆ ಇಂಕು ಪೆನ್ನಿನಲ್ಲಿ ಬರೆದಿಟ್ಟ ವಿಲ್ ಅದು. ಮಗ ತೀರಿದ ಮೇಲೂ ತನ್ನನ್ನು ನೋಡಿಕೊಂಡ ಸೊಸೆಗೇ ಕೋಣನಕುಂಟೆಯ ಮನೆ ಸೇರಬೇಕೆಂದು ಬರೆದಿದ್ದಾಳೆ. ಸಾಕ್ಷಿ ಹಾಕಿದ ಇಬ್ಬರೂ ಈಗಿಲ್ಲ. ಮೈದುನ ಕೋರ್ಟಿಗೆ ಹೋಗಿ, ಅದು ಅಮ್ಮನ ಸಹಿಯೇ ಅಲ್ಲ ಎನ್ನುತ್ತಿದ್ದಾನೆ. ವಕೀಲರು ಕೋರ್ಟಿಗೆ ಜೆರಾಕ್ಸ್ ಕೊಟ್ಟಿದ್ದಾರೆ, ಆದರೆ ಸಹಿಯ ಪರೀಕ್ಷೆಗೆ ಮೂಲವೇ ಬೇಕು.

"ಮನ್ಯಾಗ ಇಟ್ರ ಮೈದುನ ಬಂದು ಹರದ ಒಗೀತಾನ್ರಿ. ಅಲ್ಲಿ ಕೋಣನಕುಂಟಿ ಬ್ಯಾಂಕಿನ್ಯಾಗ ಎಲ್ಲಾರೂ ಅವನ ಪರಿಚಯ. ಅದಕ್ಕ ಇಷ್ಟು ದೂರ ಬಂದು ನಿಮ್ಮ ಹತ್ರ ಇಟ್ಟೀನಿ. ಇಲ್ಲಿ ಸುರಕ್ಷಿತ ಐತಲ್ರಿ?"

"ಬ್ಯಾಂಕು ಅಲ್ವಾ ಅಕ್ಕ, ಏನೂ ಆಗಲ್ಲ. ಇಲ್ಲಿ ಸಹಿ ಮಾಡಿ" ಎಂದೆ.

ಆಕೆ ಸಹಿ ಮಾಡಿದಳು. ಆ ಹೊತ್ತಿಗೆ ಲಾಕರ್ ಕೋಣೆಯ ಹಿಂಗೋಡೆಯಲ್ಲಿ, ಬ್ಯಾಂಕಿನ ಕ್ಯಾಲೆಂಡರಿನ ಹಿಂದೆ, ಅಂಗೈ ಅಗಲದ ಒಂದು ತೇವದ ಕಲೆ ಇತ್ತು. ಕ್ಯಾಲೆಂಡರನ್ನು ಅಲ್ಲಿ ನೇತುಹಾಕಿದವಳು ನಾನೇ.

ನಮ್ಮ ಲಾಕರ್ ಕೋಣೆ ಅರ್ಧ ನೆಲದೊಳಗಿದೆ. ಪ್ರತಿ ವರ್ಷ ಇನ್‌ಸ್ಪೆಕ್ಷನ್ ಬರುವ ಮುಂಚೆ ಆ ಗೋಡೆಗೆ ಒಂದು ಕೈ ಬಣ್ಣ ಹೊಡೆಸುವುದು ಶಾಖೆಯ ಪದ್ಧತಿ. ಬಣ್ಣದ ಬಿಲ್ಲು ಪಾಸಾಗುತ್ತದೆ, ಗೋಡೆ ಒಡೆಸುವ ಬಿಲ್ಲು ಪಾಸಾಗುವುದಿಲ್ಲ. ಆ ವರ್ಷವೂ ಹೊಡೆಸಿದೆವು, ಅದೂ ತೇವ ಒಳಬಾರದೆಂದು ದಪ್ಪನೆಯ ರಬ್ಬರಿನಂಥ ಬಣ್ಣ. ಗೋಡೆಯ ಮೇಲುಭಾಗ ಒಣಗಿ ಬೆಳ್ಳಗಾಯಿತು. ಹೊರಬರಲು ದಾರಿ ಕಾಣದ ನೀರು ಕೆಳಗೆ ನೆಲದ ಸಂದಿಗೆ ಇಳಿಯುತ್ತದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಗೋಡೆ ಒಣಗಿತೆಂದು ಮ್ಯಾನೇಜರ್ ನನಗೆ ಕಾಫಿ ಕೊಡಿಸಿದರು.

ಹದಿನೈದು ದಿನ ಕಳೆಯುವಷ್ಟರಲ್ಲಿ ಕೋಣೆಯಲ್ಲಿ ವಾಸನೆ ಶುರುವಾಯಿತು. ಒಣಗದ ಬಟ್ಟೆಯನ್ನು ಮಡಿಸಿಟ್ಟರೆ ಬರುವಂಥದು. ಬೆಳಗ್ಗೆ ಬಾಗಿಲು ತೆರೆದೊಡನೆ ಮುಖಕ್ಕೆ ಹೊಡೆಯುತ್ತಿತ್ತು, ಹತ್ತು ನಿಮಿಷಕ್ಕೆ ಮೂಗು ಒಗ್ಗಿಕೊಂಡು ಮರೆತುಹೋಗುತ್ತಿತ್ತು. ಆಮೇಲೆ ಕೆಳಸಾಲಿನ ಬಾಗಿಲುಗಳ ಅಂಚಿನಲ್ಲಿ ತುಕ್ಕಿನ ಕಂದು ಗೆರೆ ಮೂಡಿತು. ಒರೆಸಿದರೆ ಹೋಗುತ್ತಿತ್ತು, ಮೂರನೆಯ ದಿನಕ್ಕೆ ಮತ್ತೆ ಬರುತ್ತಿತ್ತು. ಕಪಾಟನ್ನು ಗೋಡೆಗೆ ಬಿಗಿದ ಬೋಲ್ಟುಗಳ ತೂತು ಇರುವುದು ಕೆಳಸಾಲಿನ ಬೆನ್ನಿನಲ್ಲೇ, ಗೋಡೆಯ ನೀರು ಅದರಿಂದ ಲಾಕರಿನೊಳಗೇ ಇಳಿಯಬಹುದು. ಟಾರ್ಚು ಹಿಡಿದು ನೆಲಕ್ಕೆ ಕೆನ್ನೆಯಿಟ್ಟು ನೋಡಿದೆ. ಕೊನೆಯ ಲಾಕರಿನ ಕೆಳಗೆ ನೆಲ ಮಿರುಗುತ್ತಿತ್ತು.

"ಈ ಸಲ ಮಳೆ ಜಾಸ್ತಿ ಮೇಡಂ" ಎಂದರು ಮ್ಯಾನೇಜರ್. ಕೆಟ್ಟವರಲ್ಲ, ಬಡ್ತಿಯ ಸಂದರ್ಶನ ಎದುರಿಗಿತ್ತು ಅಷ್ಟೇ. "ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ? ರೀಜನಲ್ ಆಫೀಸಿಗೆ ಒಂದು ಲೆಟರ್ ಹಾಕಿ."

ಹಾಕಿದೆ. ಎರಡನೆಯದೂ ಹಾಕಿದೆ. ಮೂರನೆಯದಕ್ಕೆ ಒಬ್ಬ ಎಂಜಿನಿಯರ್ ಬಂದರು. ಶೂ ಒದ್ದೆಯಾಗದಂತೆ ಬಾಗಿಲಲ್ಲೇ ನಿಂತು ಫೋಟೋ ತೆಗೆದು, "ಮಳೆಗಾಲದ ತೇವ, ತಾನಾಗಿ ಒಣಗಲಿದೆ" ಎಂದು ಬರೆದುಕೊಟ್ಟು ಹೋದರು. ಅದರ ಬೆನ್ನಿಗೇ ರೀಜನಲ್ ಆಫೀಸಿನಿಂದ ಒಂದು ಹಾಳೆಯ ಮೇಲ್ ಬಂತು, ತಲೆಬರಹ 'ಹೆಚ್ಚುವರಿ ಘೋಷಣೆ'. ಭಾರಿ ಮಳೆಯ ಕಾರಣ ಲಾಕರ್ ಕೋಣೆಯಲ್ಲಿ ಉಂಟಾಗಿರುವ ತೇವದ ವಿಷಯ ನನಗೆ ತಿಳಿದಿದೆ; ನನ್ನ ವಸ್ತುಗಳಿಗೆ ಹಾನಿಯಾಗಿಲ್ಲ; ಆಗಿದ್ದಲ್ಲಿ ಅಥವಾ ಮುಂದೆ ಆದಲ್ಲಿ ಅದನ್ನು ನೈಸರ್ಗಿಕ ಕಾರಣವೆಂದು ಒಪ್ಪಿ ಬ್ಯಾಂಕಿನ ಮೇಲೆ ಯಾವ ಹಕ್ಕನ್ನೂ ಸಾಧಿಸುವುದಿಲ್ಲ. ಕೆಳಗೆ ಸಹಿಗೆ ಜಾಗ.

"ಕೆಳಸಾಲಿನವರ ಹತ್ರ ಮಾತ್ರ ತಗೊಳ್ಳಿ. ಹೊಸ ಕರಾರಿನ ಜೊತೆ ಪಿನ್ ಮಾಡಿಬಿಡಿ, ಯಾರೂ ಕೇಳಲ್ಲ" ಎಂದರು ಮ್ಯಾನೇಜರ್.

ಹೊಸ ಕರಾರು ಮುಂಬಾಗಿಲಿನಿಂದ ಹೊರಗೆ ಹಾಕಿದ್ದ ಸಾಲನ್ನು ಈ ಹಾಳೆ ಹಿತ್ತಿಲಿನಿಂದ ಒಳಗೆ ಕರೆತರುತ್ತಿತ್ತು. ನನಗೆ ಅದು ಓದಿದ ಕ್ಷಣವೇ ಗೊತ್ತಾಯಿತು. ಆದರೂ ಜೆರಾಕ್ಸ್ ಮಾಡಿಸಿದೆ.

ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಶುಕ್ರವಾರ ಲಕ್ಷ್ಮಿಯನ್ನು ಕೂರಿಸಬೇಕು, ಅವಳ ಮೈಮೇಲೆ ಹಾಕಲು ಒಡವೆ ಬೇಕು, ಹಾಗಾಗಿ ಹಿಂದಿನ ಎರಡು ದಿನ ಇಡೀ ಜಯನಗರ, ಬನಶಂಕರಿ, ಪದ್ಮನಾಭನಗರ ನಮ್ಮ ಲಾಕರ್ ಕೋಣೆಯೊಳಗೆ ಇರುತ್ತದೆ. ಸೋಮವಾರ ಅಷ್ಟೂ ಒಡವೆ ವಾಪಸು ಬರುತ್ತದೆ. ಮೆಟ್ಟಿಲವರೆಗೆ ಕ್ಯೂ, ಮಲ್ಲಿಗೆ ಹೂವಿನ ವಾಸನೆ, ಅದರಡಿಯಲ್ಲಿ ಆ ಇನ್ನೊಂದು ವಾಸನೆ. ಕೆಳಸಾಲಿನವರಿಗೆಲ್ಲ ನಾನು ಹಾಳೆ ಮುಂದಿಟ್ಟೆ.

"ಏನಿದು ಮೇಡಂ?"

"ಫಾರ್ಮಾಲಿಟಿ ಆಂಟಿ. ಮಳೆಗೆ ಸ್ವಲ್ಪ ತೇವ ಆಗಿದೆ ಅಂತ."

"ಅಯ್ಯೋ, ಚಿನ್ನಕ್ಕೆ ನೀರು ಬಿದ್ರೆ ಏನಾಗತ್ತೆ ಬಿಡಿ!" ಎಂದರು ಒಬ್ಬರು. ಇನ್ನೊಬ್ಬರ ವೆಲ್ವೆಟ್ ಪೆಟ್ಟಿಗೆಗೆ ಬೂಷ್ಟು ಹಿಡಿದಿತ್ತು. ಅವರು ಪೆಟ್ಟಿಗೆ ಮಾರಿದ ಅಂಗಡಿಯವನನ್ನು ಬೈದುಕೊಂಡು ಸಹಿ ಹಾಕಿದರು. ಎರಡು ದಿನದಲ್ಲಿ ಕೆಳಸಾಲಿನ ಸಹಿಗಳೆಲ್ಲ ಬಂದವು, ಒಂದು ಬಿಟ್ಟು.

ಮೆಸ್ ಅಕ್ಕನಿಗೆ ನಾನು ಫೋನ್ ಮಾಡಿದೆ. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಅಕ್ಕ, ಒಂದು ಸಹಿ ಬಾಕಿ ಇದೆ. ಬಿಡುವಾದಾಗ ಬಂದು ಹೋಗಿ."

"ಅಷ್ಟೇನ್ರಿ? ಕೇಸಿನ ತಾರೀಕು ಬಂದೈತ್ರಿ, ಹೆಂಗೂ ಆ ಕಾಗದ ತಗೊಳ್ಳಾಕ ಬರಬೇಕು. ಅವತ್ತೇ ಮಾಡ್ತೀನ್ರಿ."

ಇನ್ನೂ ಮೂರು ವಾರ ಇತ್ತು. ನಾನು "ಆಯ್ತು" ಎಂದೆ. ನೀರು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಗಾಬರಿ ಹುಟ್ಟಿಸಬೇಡಿ ಎಂದು ಮ್ಯಾನೇಜರ್ ಹೇಳಿದ್ದು ನಿಜ, ಆದರೆ ಆ ಹೊತ್ತಿನಲ್ಲಿ ಅವರು ನನ್ನ ಪಕ್ಕದಲ್ಲಿರಲಿಲ್ಲ. ಫೋನ್ ಇಟ್ಟ ಮೇಲೆ ಕೆಳಗಿಳಿದು ಹೋಗಿ ಆ ಪುಟ್ಟ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ನನ್ನ ಕೈಯಲ್ಲಿ ಮಾಸ್ಟರ್ ಕೀ ಇತ್ತು, ಆಕೆಯ ಕೀ ಇಲ್ಲದೆ ಅದು ಬರೀ ಕಬ್ಬಿಣ. ಒಳಗಿನ ಎರಡು ಹಾಳೆ ಏನಾಗುತ್ತಿವೆ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಹಬ್ಬ ಮುಗಿದ ಮೇಲೆ ಮಳೆ ನಿಂತಿತು. ಬನಶಂಕರಿಯ ನನ್ನ ಮನೆಯ ತಾರಸಿಯ ಮೇಲೆ ಹಾಕಿದ ಸಂಡಿಗೆ ಎರಡೇ ದಿನಕ್ಕೆ ಗರಿಗರಿಯಾಯಿತು. ಸಂಡಿಗೆಯನ್ನು ಡಬ್ಬಿಗೆ ತುಂಬುವಾಗ ನನಗೆ ಥಟ್ಟನೆ ಹೊಳೆಯಿತು. ಇಷ್ಟು ಬಿಸಿಲಿದ್ದರೂ ನಮ್ಮ ಲಾಕರ್ ಕೋಣೆಯ ನೆಲ ಯಾಕೆ ಒಣಗಿಲ್ಲ? ಒಣಗುವುದಿರಲಿ, ಮಿರುಗುವ ಜಾಗ ಒಂದು ಗೇಣು ಮುಂದೆ ಬಂದಿತ್ತು.

ಗುರಪ್ಪನಪಾಳ್ಯದ ಒಬ್ಬ ಹಳೆಯ ಪ್ಲಂಬರನ್ನು ನನ್ನ ಸ್ವಂತ ಖರ್ಚಿನಲ್ಲಿ ಕರೆಸಿದೆ. ಲಾಕರ್ ಕೋಣೆಯೊಳಗೆ ಬಿಡುವಂತಿಲ್ಲ, ಗೋಡೆಯ ಆಚೆ ಬದಿ ತೋರಿಸಿದೆ. ಅಲ್ಲಿ ಬೈಕು ನಿಲ್ಲಿಸುವ ಜಾಗದ ಕೆಳಗೆ ಬ್ಯಾಂಕಿನದೇ ನೀರಿನ ಸಂಪು ಇತ್ತು. ಅವರು ಮುಚ್ಚಳ ಎತ್ತಿ, ಬಗ್ಗಿ, ಬಹಳ ಹೊತ್ತು ನೋಡಿದರು.

"ಮಳೆ ನೀರು ಅಂದ್ರೆ ಮೇಲಿಂದ ಇಳೀತದೆ ಮೇಡಂ. ನಿಮ್ದು ಕೆಳಗಿಂದ ಬರ್ತಾ ಅದೆ. ನನ್ಗೆ ಇದ್ರ ಮೇಲೇ ಅನುಮಾನ."

"ಗೋಡೆ ಒಡೀದೆ ಹೇಗೆ ಗೊತ್ತಾಗತ್ತೆ?"

"ಬಿಳಿ ಬಟ್ಟೆಗೆ ಹಾಕ್ತೀರಲ್ಲಾ, ನೀಲಿ? ಅದನ್ನ ಸಂಪಿಗೆ ಸುರೀರಿ. ಒಳಗೆ ನೀಲಿ ಬಂತೋ, ನೀರು ಇದ್ರದ್ದು. ಬರ್ಲಿಲ್ವೋ, ನಂಗೆ ಬೈರಿ."

ಶುಕ್ರವಾರ ಸಂಜೆ, ಎಲ್ಲರೂ ಹೊರಟ ಮೇಲೆ, ಸಂಪಿನಲ್ಲಿ ನೀರು ಮೊಣಕಾಲಿನಷ್ಟಿದ್ದಾಗ ಹನ್ನೆರಡು ಬಾಟಲಿ ನೀಲಿ ಸುರಿದೆ. ಯಾರ ಅನುಮತಿಯನ್ನೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಮಳೆಗಾಲ ಕಳೆಯುತ್ತಿತ್ತು. ಮರುದಿನ ನಾಲ್ಕನೆಯ ಶನಿವಾರ, ಆಮೇಲೆ ಭಾನುವಾರ, ಎರಡೂ ರಜೆ. ಎರಡು ದಿನವೂ ಮನೆಯಲ್ಲಿ ಯಾರು ಮಾತಾಡಿಸಿದರೂ ಸಿಡುಕಿದೆ.

ಲಾಕರ್ ಕೋಣೆಯ ಹೊರಬಾಗಿಲಿಗೂ ಎರಡು ಕೀ, ಒಂದು ನನ್ನದು, ಇನ್ನೊಂದು ಮ್ಯಾನೇಜರದು. ಹಾಗಾಗಿ ಸೋಮವಾರ ಬೆಳಗ್ಗೆ ನಾವಿಬ್ಬರೂ ಒಟ್ಟಿಗೇ ನೋಡಿದೆವು. ಗೋಡೆ ಮತ್ತು ನೆಲ ಸೇರುವ ಸಂದಿಯಲ್ಲಿ ಒಂದು ನೀಲಿ ಗೆರೆ ಹೊರಟು ಕೆಳಸಾಲಿನ ಅಡಿಗೆ ನುಗ್ಗಿತ್ತು. ಕೊನೆಯ ಲಾಕರಿನ ಬಾಗಿಲಿನ ಕೆಳಗೆ ಗೋಲಿಯ ಗಾತ್ರದ ಒಂದು ನೀಲಿ ಹನಿ ನಿಂತಿತ್ತು. ನಾವು ನೋಡುತ್ತಿರುವಂತೆಯೇ ಅದು ಬಿತ್ತು, ಇನ್ನೊಂದು ಕೂಡಿಕೊಳ್ಳತೊಡಗಿತು.

ನಾನು ನೀಲಿ ಸುರಿದ ವಿಷಯ ಹೇಳಿದೆ. ಮೇಲೆ ಕ್ಯಾಷಿಯರ್ ಮುಖ ತೊಳೆಯಲು ನಲ್ಲಿ ತಿರುಗಿಸಿ "ಇದೇನ್ರೀ ಇದು!" ಎಂದು ಕಿರುಚಿದ್ದು ಕೆಳಗಿನವರೆಗೆ ಕೇಳಿಸಿತು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

"ಒರೆಸಿಬಿಡಿ ಮೇಡಂ" ಎಂದರು ಮ್ಯಾನೇಜರ್.

"ಒರೆಸಿದ್ರೆ ನೀರು ನಿಲ್ಲತ್ತಾ ಸಾರ್?"

"ನೀರು ನಿಲ್ಲಿಸೋಣ. ಸಂಪು ಇವತ್ತೇ ಖಾಲಿ ಮಾಡಿಸ್ತೀನಿ. ಆದ್ರೆ ಎಲ್ಲೂ ಬರೀಬೇಡಿ. ಮಳೆ ಅಂತ ರಿಪೋರ್ಟ್ ಹೋಗಿದೆ, ಮಳೆ ಅಂತ ಇಷ್ಟು ಜನ ಸಹಿ ಹಾಕಿದ್ದಾರೆ. ಈಗ ನಮ್ಮ ಸಂಪು ಅಂದ್ರೆ ನಾವು ಅವರಿಗೆಲ್ಲ ಸುಳ್ಳು ಹೇಳಿದ ಹಾಗೆ ಆಗತ್ತೆ."

"ಹೇಳಿದ್ದೀವಲ್ಲ ಸಾರ್."

ಅವರು ನನ್ನನ್ನು ನೋಡಿದರು, ಆಮೇಲೆ ನೆಲ ನೋಡಿದರು. "ಆ ಕೊನೆ ಲಾಕರ್ ಹೆಂಗಸು ಬಂದಾಗ ಮೊದಲು ಡಿಕ್ಲರೇಷನ್‌ಗೆ ಸಹಿ ತಗೊಳ್ಳಿ. ಆಮೇಲೆ ಮಾಸ್ಟರ್ ಕೀ ಹಾಕಿ. ಇದು ನನ್ನ ಇನ್‌ಸ್ಟ್ರಕ್ಷನ್." ಹೇಳಿ ಮೇಲೆ ಹೋದರು. ಸಂಪು ಅಂದೇ ಖಾಲಿಯಾಯಿತು, ಆ ಮಾತನ್ನು ಅವರು ಉಳಿಸಿಕೊಂಡರು.

ನಾನು ತಕ್ಷಣ ಮೆಸ್ ಅಕ್ಕನಿಗೆ ಫೋನ್ ಮಾಡಿ, ಲಾಕರಿಗೆ ನೀರು ಬಂದಿದೆ, ಈಗಲೇ ಬನ್ನಿ ಎಂದೆ. ಈ ಸಲ ಹೇಳಿದೆ. ಆಕೆ ಕೂಡಲೇ ಫೋನ್ ಇಟ್ಟಳು. ಕೈಗೆ ಅಂಟಿದ ಜೋಳದ ಹಿಟ್ಟು ತೊಳೆಯದೆಯೇ ಆಟೋ ಹತ್ತಿ ಒಂದು ಗಂಟೆಯೊಳಗೆ ಬಂದಳು. ಕನಕಪುರ ರಸ್ತೆಯಲ್ಲಿ ಸೋಮವಾರ ಬೆಳಗ್ಗೆ ಅಷ್ಟು ಬೇಗ ಬರುವುದು ಹೇಗೆ ಸಾಧ್ಯವಾಯಿತೋ ಗೊತ್ತಿಲ್ಲ.

ಮ್ಯಾನೇಜರ್ ತಮ್ಮ ಗಾಜಿನ ಕೋಣೆಯಿಂದ ನೋಡುತ್ತಿದ್ದರು. ನಾನು ಹಾಳೆಯನ್ನು ಆಕೆಯ ಮುಂದಿಟ್ಟೆ. ಸಹಿ ಮಾಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟು ಅವಸರದಲ್ಲಿ ಬಂದಿದ್ದರೂ ಆಕೆ ಬೆರಳಿಟ್ಟು ಓದಿದಳು. ಹಾಳೆಯ ಮೇಲೆ ಹಿಟ್ಟಿನ ಗುರುತು ಬಿತ್ತು.

"ಮಳಿ ಅಂತ ಐತಿ" ಎಂದಳು. "ಮಳಿ ಎಲ್ಲೈತ್ರಿ ಮೇಡಂ? ನಾ ಹಪ್ಪಳ ಒಣಗ್ಸಾಕತ್ತೀನಿ."

ನಾನು ಹಾಳೆಯನ್ನು ಆಕೆಯ ಬೆರಳ ಕೆಳಗಿಂದ ಎಳೆದುಕೊಂಡೆ, ನಾಲ್ಕಾಗಿ ಹರಿದು ಕಸದ ಬುಟ್ಟಿಗೆ ಹಾಕಿದೆ. "ಇದು ಬೇಡ. ಬನ್ನಿ" ಎಂದೆ. ಗಾಜಿನ ಕಡೆ ನೋಡಲಿಲ್ಲ.

ಕೆಳಗೆ ನೆಲದ ಮೇಲೆ ಇಬ್ಬರೂ ಕೂತೆವು. ಮಾಸ್ಟರ್ ಕೀ ತಿರುಗಿತು, ಆಕೆಯದು ತಿರುಗಲಿಲ್ಲ. ತುಕ್ಕಿಗೆ ಒಂದು ಹನಿ ಎಣ್ಣೆ ಬಿಟ್ಟು, ಕಾದು, ಮತ್ತೆ ಹಾಕಿಸಿದೆ. ಮೂರನೆಯ ಸಲಕ್ಕೆ ಕಟಕ್ಕೆಂದಿತು. ಆ ಸದ್ದಿಗೆ ನನ್ನ ಮೈ ತಾನಾಗಿಯೇ ತಿರುಗಲು ಹೊರಟಿತು. ಅರ್ಧ ಎದ್ದಿದ್ದೆ ಕೂಡ. ಆಗ ನನಗೆ ಒಂದು ವಿಷಯ ಸ್ಪಷ್ಟವಾಗಿ ಕಂಡಿತು. ಈಗ ನಾನು ಹೊರಗೆ ಹೋದರೆ, ಈ ಲಾಕರಿನಲ್ಲಿ ಒಂದು ವಿಲ್ ಇತ್ತು ಎಂದು ಹೇಳಬಲ್ಲವರು ಈ ಲೋಕದಲ್ಲಿ ಆಕೆ ಒಬ್ಬಳೇ. ಆಕೆಯ ಮಾತನ್ನು ಯಾರೂ ನಂಬಬೇಕಾಗಿಲ್ಲ. ಬ್ಯಾಂಕು ನೋಡಿಲ್ಲ, ಬ್ಯಾಂಕಿಗೆ ಗೊತ್ತಿಲ್ಲ.

"ಅಕ್ಕ, ನಾನು ಇಲ್ಲೇ ಇರ್ಲಾ? ನೋಡ್ಲಾ?"

"ನೋಡ್ರಿ" ಎಂದಳು.

ಮತ್ತೆ ಕೂತೆ. ಆಕೆ ಒಳಗಿನ ತಗಡಿನ ಪೆಟ್ಟಿಗೆಯನ್ನು ಎಳೆದಾಗ ನೀರು ತುಳುಕಿತು. ಎರಡು ಬೆರಳಿನಷ್ಟು ನೀರು, ತಿಳಿನೀಲಿ. ಅದರಲ್ಲಿ ಒಂದು ಬಟ್ಟೆಯ ಚೀಲ, ಚೀಲದೊಳಗೆ ಬಾಯಿ ಬಿಟ್ಟುಕೊಂಡ ಪ್ಲಾಸ್ಟಿಕ್ ಕವರು, ಕವರಿನೊಳಗೆ ಮಡಿಸಿದ ಎರಡು ಹಾಳೆ. ಆಕೆ ಬಿಡಿಸಲು ನೋಡಿದಳು, ಮಡಿಕೆಯಲ್ಲಿ ಕಾಗದ ಹಿಟ್ಟಿನಂತೆ ಬಿಟ್ಟುಕೊಂಡಿತು. ಮೇಲಿನ ಅರ್ಧದಲ್ಲಿ ಕೆಲವು ಅಕ್ಷರಗಳ ನೆರಳು ಇತ್ತು. ಕೊನೆಯಲ್ಲಿ, ಸಹಿ ಇರಬೇಕಾದ ಕಡೆ, ಅಂಗೈ ಅಗಲದ ನೀಲಿ ಕಲೆ ಮಾತ್ರ ಇತ್ತು. ಇಂಕಿನ ನೀಲಿ ಎಲ್ಲಿ ಮುಗಿದು ನನ್ನ ನೀಲಿ ಎಲ್ಲಿ ಶುರುವಾಗಿತ್ತು ಎಂದು ನಾನು ಎಷ್ಟು ನೋಡಿದರೂ ತಿಳಿಯಲಿಲ್ಲ.

ಆಕೆ ಅಳಲಿಲ್ಲ. "ನಮ್ಮತ್ತಿ ಅಕ್ಷರ ಭಾಳ ಚಂದ ಇದ್ವು" ಎಂದಳು. ಹಾಳೆಗಳನ್ನು ಕವರಿನ ಮೇಲೆ ಇಟ್ಟು, "ನಿಮ್ಮ ಬ್ಯಾಂಕು ಈಗ ಏನ್ ಕೊಡತೈತ್ರಿ?" ಎಂದು ಕೇಳಿದಳು.

"ಬಾಡಿಗೆಯ ನೂರು ಪಟ್ಟಿನವರೆಗೆ ಕೇಳಬಹುದು ಅಕ್ಕ."

"ಅದರಾಗ ಅತ್ತಿ ಸಹಿ ಬರತೈತೇನ್ರಿ?"

ನಾನು ಎದ್ದು ರಿಜಿಸ್ಟರ್ ತಂದೆ. ಸಮಯ, ಲಾಕರಿನ ಸಂಖ್ಯೆ, ಸಹಿ ಇವುಗಳ ಪಕ್ಕದಲ್ಲಿ 'ಷರಾ' ಎಂಬ ಒಂದು ಕಾಲಂ ಇದೆ. ವರ್ಷಗಳಿಂದ ಅದರಲ್ಲಿ ಯಾರೂ ಒಂದಕ್ಷರ ಬರೆದಿರಲಿಲ್ಲ. ಅದರಲ್ಲಿ ಜಾಗ ಸಾಲದೆ ಪಕ್ಕದ ಪುಟಕ್ಕೂ ಹೋಗಿ ಬರೆದೆ. ಕೋಣೆಗೆ ಬಂದ ನೀರು ಬ್ಯಾಂಕಿನ ಸಂಪಿನದು, ಮಳೆಯದಲ್ಲ. ಈ ಲಾಕರು ನನ್ನ ಎದುರಿಗೇ ತೆರೆಯಿತು. ಒಳಗೆ ಕೈಬರಹದ ಎರಡು ಹಾಳೆ ನೀರಿನಲ್ಲಿ ಕರಗಿದ್ದವು, ನಾನು ನೋಡಿದ್ದೇನೆ. ಹೆಸರು ಬರೆದು ಸಹಿ ಹಾಕಿದೆ, ಆ ಪುಟದ ಫೋಟೋ ತೆಗೆದುಕೊಳ್ಳಲು ಆಕೆಗೆ ಹೇಳಿದೆ.

ಮುಂದಿನದು ನಡೆಯಬೇಕಾದಂತೆಯೇ ನಡೆಯಿತು. ಮೂರನೆಯ ದಿನ ನನ್ನ ಕೈಯಿಂದ ಮಾಸ್ಟರ್ ಕೀ ವಾಪಸು ಪಡೆದರು. ಹಬ್ಬದಲ್ಲಿ ಸಹಿ ಹಾಕಿದವರಿಗೆಲ್ಲ ನಾನು ಮನೆಯಿಂದ ಫೋನ್ ಮಾಡಿ, ಅದು ಮಳೆ ನೀರಲ್ಲ ಎಂದು ತಿಳಿಸಿದೆ. ಕೆಲವರು ಥ್ಯಾಂಕ್ಸ್ ಹೇಳಿದರು, ಒಬ್ಬರು ಉಗಿದರು, ಉಗಿಸಿಕೊಳ್ಳಲು ನಾನು ಅರ್ಹಳೇ ಆಗಿದ್ದೆ. ವಾರದೊಳಗೆ ತಲಘಟ್ಟಪುರದ ಕಡೆಯ ಶಾಖೆಗೆ ವರ್ಗವಾಯಿತು. ಹಿಂದೆಯೇ ಮೆಮೊ ಬಂತು. ಅನುಮತಿಯಿಲ್ಲದೆ ರಾಸಾಯನಿಕವನ್ನು ನೀರಿಗೆ ಬೆರೆಸಿ ಗ್ರಾಹಕರ ವಸ್ತುವಿಗೆ ಹಾನಿ ಉಂಟುಮಾಡಿದ್ದಕ್ಕೆ ನನ್ನ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬ ಪ್ರಶ್ನೆ ಅದರಲ್ಲಿತ್ತು. ಓದಿದಾಗ ಮೈ ಉರಿಯಿತು. ಮಲಗಿದ ಮೇಲೆ, ಅದು ಪೂರ್ತಿ ಸುಳ್ಳೇ ಎಂದು ನನ್ನನ್ನೇ ಕೇಳಿಕೊಂಡೆ.

ಮೂಲ ಕಾಗದ ಹಾಳಾದದ್ದು ತನ್ನ ತಪ್ಪಿನಿಂದಲ್ಲ ಎಂದು ಆಕೆ ತೋರಿಸಿಕೊಟ್ಟರೆ, ಕೋರ್ಟು ಜೆರಾಕ್ಸ್ ಪ್ರತಿಯನ್ನು ಪರಿಗಣಿಸಬಹುದು. ಆಕೆಯ ವಕೀಲರು ಇದನ್ನು ನನಗೆ ಬಿಡಿಸಿ ಹೇಳಿದರು. ಅದಕ್ಕೆ ನೋಡಿದವರ ಹೇಳಿಕೆ ಬೇಕು. ಕಳೆದ ಭಾನುವಾರ ನಾನು ಕೋಣನಕುಂಟೆಯ ಆ ಮನೆಗೆ ಹೋದೆ. ಎರಡು ರೂಮು, ಒಂದು ಪಡಸಾಲೆ, ಗೋಡೆಗೆ ಒರಗಿಸಿಟ್ಟ ಡಬ್ಬಿಗಳ ಸಾಲು. ಮೈದುನನ ಕಡೆಯವರು ಹಿಂದಿನ ದಿನ ಬಂದು ಅಳತೆ ಹಿಡಿದುಕೊಂಡು ಹೋಗಿದ್ದರು. ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದ ಗುರುತು ಹಾಗೆಯೇ ಇತ್ತು, ಆಕೆ ಅದನ್ನು ಅಳಿಸಿರಲಿಲ್ಲ.

ವಕೀಲರು ಟೈಪು ಮಾಡಿಸಿದ ನನ್ನ ಹೇಳಿಕೆಯನ್ನು ಓದಿ, ಒಂದು ಸಾಲಿನ ಮೇಲೆ ಪೆನ್ನು ಇಟ್ಟರು. ಸಂಪಿಗೆ ನೀಲಿ ಸುರಿದವಳು ನಾನು ಎಂಬ ಸಾಲು.

"ಇದು ಬೇಕಾ ಮೇಡಂ? ಬ್ಯಾಂಕಿನವರು ಇದನ್ನೇ ಹಿಡ್ಕೊಂಡು ಎಲ್ಲಾ ನಿಮ್ಮ ತಲೆಗೆ ಕಟ್ತಾರೆ. ನಮ್ಮ ಕೇಸಿಗೆ ಸಂಪಿನ ನೀರು ಅಂತಿದ್ರೆ ಸಾಕು."

"ಇರ್ಲಿ" ಎಂದೆ.

ಆಗ ಅಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಕೈ ತೊಳೆದುಕೊಂಡು ಬಂದು ಹಾಳೆ ತೆಗೆದುಕೊಂಡಳು. ಬೆರಳಿಟ್ಟು ಓದತೊಡಗಿದಳು. ನೀಲಿ ನನ್ನದು ಎಂದು ಆಕೆಗೆ ನಾನು ಅದುವರೆಗೆ ಹೇಳಿರಲಿಲ್ಲ. ಬಾಯಿಂದ ಹೇಳುವ ಧೈರ್ಯವಿಲ್ಲದೆ ಹೇಳಿಕೆಯಲ್ಲಿ ಬರೆದಿದ್ದೆ. ಬೆರಳು ಆ ಸಾಲಿಗೆ ಬಂದು ನಿಂತಿತು, ಮುಂದಕ್ಕೆ ಹೋಗಲಿಲ್ಲ. ಒಲೆಯ ಮೇಲಿನ ಹೆಂಚು ಬರಿದೇ ಕಾಯುತ್ತಿತ್ತು.

"ನೀವು ಇದನ್ನ ಹಾಕೂಕಿಂತ ಮೊದಲ, ಅತ್ತಿ ಸಹಿ ಇತ್ತೇನ್ರಿ ಅದರಾಗ?"

"ಗೊತ್ತಿಲ್ಲ ಅಕ್ಕ. ಮೊದ್ಲೇ ಹೋಗಿತ್ತೋ, ನನ್ನಿಂದ ಹೋಯ್ತೋ, ನಂಗೆ ಗೊತ್ತಿಲ್ಲ."

ಆಕೆ ಎದ್ದು ಹೋಗಿ ಒಲೆ ಆರಿಸಿ ಬಂದಳು.

ವಕೀಲರ ಕೈಯಿಂದ ಪೆನ್ನು ತೆಗೆದು ಹಾಳೆಯ ಜೊತೆ ನನ್ನ ಕಡೆ ಸರಿಸಿದಳು. "ಗೊತ್ತಿಲ್ಲ ಅನ್ನೂದನ್ನೂ ಬರೀರಿ" ಎಂದಳು. "ಬರದು, ಅದರ ಕೆಳಗ ಸಹಿ ಮಾಡ್ರಿ."

ಬರೆದೆ. ಸಹಿ ಮಾಡುವವರೆಗೂ ಆಕೆಯ ಬೆರಳು ಆ ಸಾಲಿನ ಕೆಳಗೇ ಇತ್ತು.